ಇದು ಕೆಟ್ಟರೆ ಏನಾಗುತ್ತದೆ? ಅನಾಟಮಿ–ಫಿಸಿಯಾಲಜಿ ಓದುವವರಿಗೆ ಕೆಲವು ಪಾಠಗಳು

ನರ್ಸಿಂಗ್ ಕಾಲೇಜಿಗೆ ಸೇರಿದವರ ಕೈಗೆ ಮೊದಲು ಬರುವ ದಪ್ಪ ಪುಸ್ತಕ ಅನಾಟಮಿ–ಫಿಸಿಯಾಲಜಿಯದು. ಪಿ.ಯು.ಸಿ.ಯಲ್ಲಿ ಬಯಾಲಜಿ ಓದಿ ಬಂದವರನ್ನೂ ಅದು ಹೆದರಿಸುತ್ತದೆ: 206 ಮೂಳೆ, ಆರುನೂರಕ್ಕೂ ಹೆಚ್ಚು ಸ್ನಾಯು, 12 ಜೊತೆ ಕಪಾಲ ನರ, 31 ಜೊತೆ ಬೆನ್ನುಹುರಿಯ ನರ. ಭಾರತೀಯ ನರ್ಸಿಂಗ್ ಪರಿಷತ್ತಿನ ಈಗಿನ ಸೆಮಿಸ್ಟರ್ ಪಠ್ಯಕ್ರಮದಲ್ಲಂತೂ ಬಿ.ಎಸ್ಸಿ. ನರ್ಸಿಂಗ್‌ನವರಿಗೆ ಇವೆಲ್ಲ ಮೊದಲ ಸೆಮಿಸ್ಟರಿಗೇ ಬಂದುಬಿಡುತ್ತವೆ. ಆದರೆ ಅಲ್ಲಿ ವಿಷಯದ ಹೆಸರು ಬರೀ ಅನಾಟಮಿ, ಫಿಸಿಯಾಲಜಿ ಅಲ್ಲ. 'ಅಪ್ಲೈಡ್ ಅನಾಟಮಿ', 'ಅಪ್ಲೈಡ್ ಫಿಸಿಯಾಲಜಿ'. ಹುಡುಗರು ಗಮನಿಸದೆ ಬಿಡುವುದು ಈ 'ಅಪ್ಲೈಡ್' ಅನ್ನೇ.

ವಾರ್ಡಿನಲ್ಲಿ ವರ್ಷಗಟ್ಟಲೆ ಡ್ಯೂಟಿ ಮಾಡಿ, ಆಮೇಲೆ ಇದೇ ವಿಷಯ ಪಾಠ ಮಾಡಲು ನಿಂತವಳು ನಾನು. ಓದಿದ್ದರಲ್ಲಿ ಯಾವುದು ರೋಗಿಯ ಮಂಚದ ಪಕ್ಕ ಕೈಹಿಡಿಯಿತು ಎಂದು ನೋಡುತ್ತ ಹೋದಂತೆ ಓದುವ ದಾರಿಯೂ ತಿಳಿಯಾಯಿತು. ಯಾವುದೇ ಅಂಗ, ನರ, ಹಾರ್ಮೋನು ಎದುರಾದರೂ ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಇದು ಕೆಟ್ಟರೆ ಏನಾಗುತ್ತದೆ? ಅದಕ್ಕೆ ಉತ್ತರ ಹೇಳಲು ಬಂದರೆ ಪಾಠ ತಲೆಗೆ ಹತ್ತಿತು ಎಂದರ್ಥ. ಕೆಳಗಿನವೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

1. ಮೊದಲು ನಿಮ್ಮ ಮೈ ಮುಟ್ಟಿ ಓದಿ

ಬೋನ್ ಸೆಟ್ ಸಿಗಲಿ, ಮಾಡೆಲ್ ರೂಮಿನ ಬೀಗ ತೆಗೆಯಲಿ ಎಂದು ಕಾಯಬೇಡಿ. ಗಂಟಲ ಕೆಳಗಿನ ಗುಳಿಯಲ್ಲಿ ಬೆರಳಿಡಿ. ಅಲ್ಲಿಂದ ಎದೆಮೂಳೆಯ ಮೇಲೆ ನೇರ ಕೆಳಕ್ಕೆ ಜಾರಿಸಿ. ಸುಮಾರು 5 ಸೆಂ.ಮೀ. ಇಳಿದ ಮೇಲೆ ಅಡ್ಡಕ್ಕೆ ಒಂದು ಏಣು ಸಿಗುತ್ತದೆ. ಅದು ಸ್ಟರ್ನಲ್ ಆ್ಯಂಗಲ್. ಅಲ್ಲಿಂದ ಪಕ್ಕಕ್ಕೆ ಸರಿದರೆ ಎರಡನೆಯ ಪಕ್ಕೆಲುಬು. ಮೊದಲನೆಯದು ಕಾಲರ್ ಬೋನಿನ ಮರೆಯಲ್ಲಿರುವುದರಿಂದ ಕೈಗೆ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಎಣಿಕೆ ಎರಡನೆಯದರಿಂದ ಶುರು. ಅದರ ಕೆಳಗಿನ ಸಂದು ಎರಡನೆಯ ಇಂಟರ್‌ಕಾಸ್ಟಲ್ ಸ್ಪೇಸ್.

ಹೀಗೇ ಇಳಿದು ನಾಲ್ಕನೆಯ ಸಂದಿಗೆ ಬನ್ನಿ. ಎದೆಮೂಳೆಯ ಬಲ ಅಂಚಿನಲ್ಲಿ ಇ.ಸಿ.ಜಿ.ಯ ವಿ1, ಎಡ ಅಂಚಿನಲ್ಲಿ ವಿ2. ಐದನೆಯ ಸಂದಿಯಲ್ಲಿ, ಎಡ ಕಾಲರ್ ಬೋನಿನ ನಡುವಿನಿಂದ ಇಳಿದ ಗೆರೆ ಸೇರುವಲ್ಲಿ ವಿ4. ವಿ2, ವಿ4ರ ನಡುವೆ ವಿ3. ಆ ವಿ4ರ ಆಸುಪಾಸಿನಲ್ಲೇ ಹೃದಯದ ತುದಿಯ ಬಡಿತ ಅಂಗೈಗೆ ತಾಕುತ್ತದೆ. ಈಗ ಪ್ರಶ್ನೆ ಕೇಳಿ: ಈ ಎಣಿಕೆ ತಪ್ಪಿದರೆ? ವಿ1, ವಿ2 ಒಂದೆರಡು ಸಂದು ಮೇಲೆ ಅಂಟಿದರೆ, ರೋಗಿಗೆ ಇಲ್ಲದ ತೊಂದರೆ ಇದ್ದಂತೆ ಗ್ರಾಫ್ ಬರಬಹುದು. ಅದನ್ನು ಓದುವ ಡಾಕ್ಟರಿಗೆ ಎಲೆಕ್ಟ್ರೋಡ್ ಎಲ್ಲಿತ್ತು ಎಂಬುದು ಕಾಗದದಲ್ಲಿ ಕಾಣುವುದಿಲ್ಲ.

ನಾಡಿಯನ್ನೂ ಹೀಗೆಯೇ ಹುಡುಕಿ. ಮಣಿಕಟ್ಟಿನ ರೇಡಿಯಲ್ ಎಲ್ಲರಿಗೂ ಗೊತ್ತು. ಪಾದದ ಮೇಲ್ಭಾಗದ ಡಾರ್ಸಾಲಿಸ್ ಪೀಡಿಸ್ ಹುಡುಕಲು ಹೆಬ್ಬೆರಳನ್ನು ಮೇಲಕ್ಕೆತ್ತಿ. ಎದ್ದು ಕಾಣುವ ಸ್ನಾಯುರಜ್ಜಿನ ಹೊರಬದಿಗೆ ಮೆತ್ತಗೆ ಬೆರಳಿಡಿ. ಒತ್ತಿದರೆ ಬಡಿತ ಮುಚ್ಚಿಹೋಗುತ್ತದೆ. ಕಾಲಿಗೆ ಪ್ಲಾಸ್ಟರ್ ಹಾಕಿದವರಲ್ಲಿ ಕೆಳಗೆ ರಕ್ತ ಹರಿಯುತ್ತಿದೆಯೇ ಎಂದು ನೋಡುವುದು ಇಲ್ಲೇ. ಹಾಸ್ಟೆಲಿನಲ್ಲಿ ರೂಮ್‌ಮೇಟಿನ ಪಾದದಲ್ಲಿ ಹುಡುಕಿ ಕೈಪಳಗಿದವರಿಗೆ, ಬಾವು ಬಂದ ಪಾದದಲ್ಲೂ ಎಲ್ಲಿ ಹುಡುಕಬೇಕೆಂದು ತಿಳಿದಿರುತ್ತದೆ.

2. ಎಡವೆಂದರೆ ರೋಗಿಯ ಎಡ

ಅನಾಟಮಿಯಲ್ಲಿ ಮೈ ಯಾವಾಗಲೂ ಒಂದೇ ಭಂಗಿಯಲ್ಲಿರುತ್ತದೆ: ನೇರ ನಿಂತು, ಮುಖ ಮುಂದಕ್ಕೆ, ಅಂಗೈ ಮುಂದಕ್ಕೆ. ಅಂಗೈ ಮುಂದಿರುವುದರಿಂದಲೇ ಹೆಬ್ಬೆರಳ ಬದಿಯ ರೇಡಿಯಸ್ ಹೊರಗೆ, ಕಿರುಬೆರಳ ಬದಿಯ ಅಲ್ನಾ ಒಳಗೆ. ಚಿತ್ರದಲ್ಲಿ ನಿಮ್ಮ ಎಡಕ್ಕೆ ಕಾಣುವುದು ರೋಗಿಯ ಬಲ. ಎಕ್ಸ್‌ರೇ ನೋಡುವಾಗಲೂ ಇದೇ ಲೆಕ್ಕ.

ಇದು ತೀರ ಸಣ್ಣ ವಿಷಯ ಅನಿಸುತ್ತದೆ. ಆದರೆ ಆಪರೇಷನ್‌ಗೆ ಮುಂಚೆ ರೋಗಿಯ ಮೈಮೇಲೆ ಬದಿಯ ಗುರುತು ಹಾಕಿಸುವುದು, ಕನ್ಸೆಂಟ್ ಫಾರ್ಮಿನಲ್ಲಿ ಎಡ–ಬಲ ಮತ್ತೆ ಓದುವುದು ಈ ಗೊಂದಲ ಎಲ್ಲರಿಗೂ ಆಗುತ್ತದೆ ಎಂಬ ಕಾರಣಕ್ಕೇ. ಮೊದಲ ತಿಂಗಳಲ್ಲೇ ಇದನ್ನು ನಾಲಿಗೆ ತುದಿಗೆ ತಂದುಕೊಳ್ಳಿ. ಮೀಡಿಯಲ್, ಲ್ಯಾಟರಲ್, ಪ್ರಾಕ್ಸಿಮಲ್, ಡಿಸ್ಟಲ್ ಪದಗಳನ್ನು ಗಟ್ಟು ಹೊಡೆಯುವ ಬದಲು ನಿಮ್ಮ ಕೈಯ ಮೇಲೆ ತೋರಿಸುತ್ತ ಹೇಳಿ.

3. ರಚನೆ ಮತ್ತು ಕೆಲಸ ಒಂದೇ ದಿನ ಓದಿ

ಟೈಮ್ ಟೇಬಲಿನಲ್ಲಿ ಅನಾಟಮಿಗೊಬ್ಬರು ಮೇಡಂ, ಫಿಸಿಯಾಲಜಿಗೊಬ್ಬರು ಸರ್. ಇಬ್ಬರೂ ಒಂದೇ ದಿನ ಒಂದೇ ಅಂಗ ಮಾಡಲಿಕ್ಕಿಲ್ಲ. ಅವನ್ನು ಒಟ್ಟಿಗೆ ಜೋಡಿಸುವ ಕೆಲಸ ನಿಮ್ಮದು.

ಹೃದಯವನ್ನೇ ತೆಗೆದುಕೊಳ್ಳಿ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ ಎಂದು ಅನಾಟಮಿ ಹೇಳುತ್ತದೆ. ಬಲಭಾಗ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳಲು ಸುಮಾರು 25 ಮಿ.ಮೀ. ಪಾದರಸದ ಒತ್ತಡ ಸಾಕು, ಎಡಭಾಗಕ್ಕೆ 120 ಬೇಕು ಎಂದು ಫಿಸಿಯಾಲಜಿ ಹೇಳುತ್ತದೆ. ದಪ್ಪಕ್ಕೆ ಕಾರಣ ಸಿಕ್ಕಿತು. ಆದರೆ ಎರಡೂ ಬದಿಯಿಂದ ಒಂದು ನಿಮಿಷಕ್ಕೆ ಹೊರಡುವ ರಕ್ತದ ಪ್ರಮಾಣ ಒಂದೇ. ಒಂದು ಬದಿ ಸೋತರೆ ರಕ್ತ ಅದರ ಹಿಂದೆ ನಿಲ್ಲಲೇಬೇಕು.

ಎಡಭಾಗ ಸೋತರೆ ಹಿಂದಿರುವುದು ಶ್ವಾಸಕೋಶ. ಅಲ್ಲಿ ನೀರು ಸೇರಿ ಉಸಿರು ಕಟ್ಟುತ್ತದೆ. ಇಂಥ ರೋಗಿಯನ್ನು ಗಮನಿಸಿ ನೋಡಿ: ಯಾರೂ ಹೇಳದಿದ್ದರೂ ಮಧ್ಯರಾತ್ರಿ ಎದ್ದು ಕೂತಿರುತ್ತಾರೆ. ಕಾಲು ಮಂಚದಿಂದ ಕೆಳಗೆ ಇಳಿಬಿಟ್ಟು, ಎರಡೂ ಕೈಯಲ್ಲಿ ಹಾಸಿಗೆಯ ಅಂಚು ಬಿಗಿಹಿಡಿದು, ಭುಜ ಏರಿಳಿಸುತ್ತ ಉಸಿರೆಳೆಯುತ್ತಾರೆ. ಮಲಗಿಸಲು ಹೋದರೆ ಕೈ ತಳ್ಳುತ್ತಾರೆ. ಮಲಗಿದರೆ ಕಾಲಿನ ರಕ್ತವೂ ಎದೆಗೆ ಬಂದು ಶ್ವಾಸಕೋಶ ಇನ್ನಷ್ಟು ತುಂಬುತ್ತದೆ ಎಂಬುದು ಅವರ ಮೈಗೆ ಗೊತ್ತು. ನೀವು ಮಾಡಬೇಕಾದ ಮೊದಲ ಕೆಲಸ ಮಂಚದ ತಲೆಭಾಗ ಎತ್ತಿ ಬೆನ್ನಿಗೆ ಆಸರೆ ಕೊಡುವುದು, ಆಮೇಲೆ ಡಾಕ್ಟರನ್ನು ಕರೆಯುವುದು. ಬಲಭಾಗ ಸೋತರೆ ಹಿಂದಿರುವುದು ಇಡೀ ಮೈಯ ಅಭಿಧಮನಿಗಳು: ಕತ್ತಿನ ರಕ್ತನಾಳ ಉಬ್ಬುತ್ತದೆ, ಯಕೃತ್ತು ಊದುತ್ತದೆ, ಪಾದ ಬಾತುಕೊಂಡು ಬೆರಳೊತ್ತಿದರೆ ಗುಳಿ ಬೀಳುತ್ತದೆ. ಇಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. 'ಹಿಂದೆ ಏನಿದೆ?' ಎಂದು ಕೇಳಿದರೆ ತಾನಾಗಿ ಬರುತ್ತದೆ.

4. ಪುಸ್ತಕ ಮುಚ್ಚಿ ಚಿತ್ರ ಬರೆಯಿರಿ

ಓದುತ್ತ ಓದುತ್ತ ಹೈಲೈಟರ್ ಎಳೆಯುವುದರಿಂದ ಪುಟ ಬಣ್ಣವಾಗುತ್ತದೆ, ಅಷ್ಟೆ. ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ರಕ್ತದ ದಾರಿ ಬರೆಯಿರಿ. ಹೃದಯದ ಆಕಾರ ಬರದಿದ್ದರೂ ಪರವಾಗಿಲ್ಲ, ನಾಲ್ಕು ಚೌಕ ಸಾಕು. ವೀನಾ ಕೇವಾದಿಂದ ಬಲ ಹೃತ್ಕರ್ಣ, ಟ್ರೈಕಸ್ಪಿಡ್ ಕವಾಟ, ಬಲ ಹೃತ್ಕುಕ್ಷಿ, ಪಲ್ಮನರಿ ಧಮನಿ, ಶ್ವಾಸಕೋಶ. ಅಲ್ಲಿಂದ ಪಲ್ಮನರಿ ಅಭಿಧಮನಿ, ಎಡ ಹೃತ್ಕರ್ಣ, ಮೈಟ್ರಲ್ ಕವಾಟ, ಎಡ ಹೃತ್ಕುಕ್ಷಿ, ಮಹಾಧಮನಿ. ಎಲ್ಲಿ ಕೈ ನಿಂತಿತೋ ಅಲ್ಲಿ ನಿಮಗೆ ತಿಳಿದಿಲ್ಲ. ಆ ಜಾಗವನ್ನಷ್ಟೇ ಮತ್ತೆ ಓದಿ.

ಈಗ ಆ ಹಾಳೆಯ ಮೇಲೆ ಬೆರಳಿಟ್ಟು ಒಂದು ಪ್ರಶ್ನೆ ಬಿಡಿಸಿ: ಬಹಳ ದಿನ ಮಲಗಿದ ರೋಗಿಯ ಮೀನಖಂಡದ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಹೊರಟರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ? ತರಗತಿಯಲ್ಲಿ ಅರ್ಧದಷ್ಟು ಮಂದಿ 'ಮೆದುಳು' ಎನ್ನುತ್ತಾರೆ. ಬೆರಳು ಓಡಿಸಿ ನೋಡಿ. ಕಾಲಿನಿಂದ ಹೃದಯದ ಬಲಭಾಗದವರೆಗೆ ದಾರಿ ಅಗಲವಾಗುತ್ತಲೇ ಹೋಗುತ್ತದೆ. ಮೊದಲು ಕಿರಿದಾಗುವುದು ಶ್ವಾಸಕೋಶದ ಒಳಗೆ. ಹೆಪ್ಪು ನಿಲ್ಲುವುದು ಅಲ್ಲೇ. ಮಲಗಿದವರ ಕಾಲಿಗೆ ವ್ಯಾಯಾಮ ಮಾಡಿಸಿ, ಬೇಗ ಎಬ್ಬಿಸಿ ನಡೆಸಿ ಎಂದು ಸರ್ಜರಿ ವಾರ್ಡಿನಲ್ಲಿ ಹಗಲೆಲ್ಲ ಹೇಳುವುದು ಏಕೆಂದು ಆ ನಾಲ್ಕು ಚೌಕವೇ ಹೇಳುತ್ತದೆ.

5. ಬಿ.ಪಿ. ಬೀಳುವ ಮುನ್ನ ಮೈ ಏನು ಮಾಡಿತು ಎಂದು ನೋಡಿ

ಫಿಸಿಯಾಲಜಿಯಲ್ಲಿ ಒಂದೇ ಒಂದು ಸರಣಿಯನ್ನು ಪೂರ್ತಿ ಕಲಿಯುವುದಾದರೆ ಯಾವುದು ಎಂದು ನನ್ನನ್ನು ಯಾರಾದರೂ ಕೇಳಿದರೆ ರಕ್ತದೊತ್ತಡ ಕಾಯುವ ಸರಣಿಯನ್ನು ಹೇಳುತ್ತೇನೆ.

ದೊಡ್ಡವರ ಮೈಯಲ್ಲಿ ರಕ್ತ ಸುಮಾರು 5 ಲೀಟರ್. ಆಪರೇಷನ್ ಆಗಿ ವಾರ್ಡಿಗೆ ಬಂದ ಒಬ್ಬ ಹೆಂಗಸಿನ ಚಾರ್ಟ್ ಊಹಿಸಿಕೊಳ್ಳಿ. ಮೊದಲ ಗಂಟೆ ನಾಡಿ 88, ಬಿ.ಪಿ. 118/76, ಮೂತ್ರ 50 ಮಿ.ಲೀ. ಎರಡನೆಯ ಗಂಟೆ ನಾಡಿ 104, ಬಿ.ಪಿ. 116/82, ಮೂತ್ರ 30. ಮೂರನೆಯ ಗಂಟೆ ನಾಡಿ 118, ಬಿ.ಪಿ. 112/86, ಮೂತ್ರ 20. ಬಿ.ಪಿ. ಕಾಲಂ ಒಂದನ್ನೇ ನೋಡುವವರು 'ನಾರ್ಮಲ್' ಎಂದು ಬರೆದು ಮುಂದಿನ ಮಂಚಕ್ಕೆ ಹೋಗುತ್ತಾರೆ. ಸರಣಿ ತಿಳಿದವರು ಅಲ್ಲೇ ನಿಲ್ಲುತ್ತಾರೆ.

ಒಳಗೆಲ್ಲೋ ರಕ್ತ ಸೋರುತ್ತಿದೆ ಅನ್ನಿ. ಕತ್ತಿನ ಕೆರೋಟಿಡ್ ಸೈನಸ್, ಮಹಾಧಮನಿಯ ಬಾಗು, ಈ ಎರಡು ಕಡೆ ಒತ್ತಡ ಅಳೆಯುವ ನರತುದಿಗಳಿವೆ, ಅವೇ ಬ್ಯಾರೊರಿಸೆಪ್ಟರ್‌ಗಳು. ಅವಕ್ಕೆ ಒತ್ತಡ ತುಸು ಇಳಿದದ್ದು ಗೊತ್ತಾದ ಕೂಡಲೇ ಮೆದುಳಿಗೆ ಸುದ್ದಿ ಹೋಗುತ್ತದೆ, ಸಿಂಪಥೆಟಿಕ್ ನರಗಳು ಎಚ್ಚರಗೊಳ್ಳುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ: ನಾಡಿ ಏರಿತು. ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ: ಕೈಕಾಲು ತಣ್ಣಗಾದವು, ಮುಖ ಬಿಳಿಚಿತು, ಡಯಾಸ್ಟಾಲಿಕ್ ಮೇಲೇರಿತು. ಬೆವರಿನ ಗ್ರಂಥಿಗಳೂ ಇದೇ ನರಗಳ ಮಾತು ಕೇಳುವುದರಿಂದ ತಣ್ಣನೆ ಮೈಯಲ್ಲೂ ಬೆವರು. ಮೂತ್ರಪಿಂಡಕ್ಕೆ ಹೋಗುವ ರಕ್ತ ಕಡಿಮೆಯಾಗಿ ರೆನಿನ್ ಹೊರಡುತ್ತದೆ. ಆಂಜಿಯೋಟೆನ್ಸಿನ್, ಆಲ್ಡೊಸ್ಟಿರಾನ್, ಎ.ಡಿ.ಎಚ್. ಎಲ್ಲ ಸೇರಿ ಉಪ್ಪು–ನೀರು ಹಿಡಿದಿಡುತ್ತವೆ: ಮೂತ್ರ ಕಡಿಮೆಯಾಯಿತು. ಇಷ್ಟೆಲ್ಲ ಮಾಡಿ ಮೈ ಬಿ.ಪಿ.ಯನ್ನು ಬೀಳದಂತೆ ಎತ್ತಿಹಿಡಿದಿದೆ. ಆರೋಗ್ಯವಂತ ವಯಸ್ಕರಲ್ಲಿ ಒಟ್ಟು ರಕ್ತದ ಸುಮಾರು ಶೇ. 30ರಷ್ಟು ಹೋಗುವವರೆಗೂ ಮೇಲಿನ ಅಂಕಿ ಹೆಚ್ಚೇನೂ ಇಳಿಯದಿರಬಹುದು. ಅಂದರೆ ಬಿ.ಪಿ. ಬಿದ್ದಾಗ ಒಂದೂವರೆ ಲೀಟರ್ ಹೋಗಿಯಾಗಿರುತ್ತದೆ.

ಮೂರನೆಯ ಗಂಟೆಯ ಚಾರ್ಟ್ ಮತ್ತೆ ನೋಡಿ. ಮೇಲಿನ ಅಂಕಿಗೂ ಕೆಳಗಿನದಕ್ಕೂ 42 ಇದ್ದ ಅಂತರ 26ಕ್ಕೆ ಇಳಿದಿದೆ. ನಾಡಿ 30 ಏರಿದೆ. ಮೂತ್ರ ಅರ್ಧಕ್ಕಿಂತ ಕೆಳಗೆ. ಡಾಕ್ಟರಿಗೆ ಫೋನ್ ಮಾಡಲು ಇಷ್ಟು ಸಾಕು, ಬಿ.ಪಿ. ಬೀಳಲಿ ಎಂದು ಕಾಯಬೇಕಿಲ್ಲ. ಬ್ಯಾರೊರಿಸೆಪ್ಟರ್ ರಿಫ್ಲೆಕ್ಸ್ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ನೈಟ್ ಡ್ಯೂಟಿಯಲ್ಲಿ ಅದೇ ಒಂದು ಜೀವ.

6. ಅಂಕಿಗಳು ಕಡಿಮೆ ಇರಲಿ, ಅರ್ಥ ಇರಲಿ

ಪುಸ್ತಕದ ಪ್ರತಿ ಅಂಕಿಯನ್ನೂ ನೆನಪಿಡಲು ಹೊರಟರೆ ಒಂದೂ ನಿಲ್ಲುವುದಿಲ್ಲ. ಒಂದರಿಂದ ಇನ್ನೊಂದನ್ನು ಕಟ್ಟಿಕೊಳ್ಳುವಂಥವನ್ನು ಆರಿಸಿ. ಒಂದು ಬಡಿತಕ್ಕೆ ಸುಮಾರು 70 ಮಿ.ಲೀ., ನಿಮಿಷಕ್ಕೆ 72 ಬಡಿತ; ಗುಣಿಸಿದರೆ 5 ಲೀಟರಿಗೆ ಹತ್ತಿರ. ಮೈಯಲ್ಲಿರುವ ರಕ್ತವೆಲ್ಲ ನಿಮಿಷಕ್ಕೊಮ್ಮೆ ಹೃದಯ ದಾಟಿ ಬರುತ್ತದೆ ಎಂಬುದು ಆ ಲೆಕ್ಕದಿಂದಲೇ ಬಂತು.

ಮೂತ್ರಪಿಂಡಗಳು ನಿಮಿಷಕ್ಕೆ ಸುಮಾರು 125 ಮಿ.ಲೀ. ಸೋಸುತ್ತವೆ, ದಿನಕ್ಕೆ 180 ಲೀಟರ್. ಹೊರಗೆ ಬರುವುದು ಒಂದೂವರೆ ಲೀಟರಿನಷ್ಟು. ಉಳಿದ ಶೇ. 99 ರಕ್ತಕ್ಕೆ ವಾಪಸು. ಹಾಗಾದರೆ ನೆಫ್ರಾನಿನ ಮುಖ್ಯ ಕೆಲಸ ಸೋಸುವುದಷ್ಟೇ ಅಲ್ಲ, ಹಿಂಪಡೆಯುವುದು. ಇದು ಮನಸ್ಸಿಗೆ ಬಂದರೆ ನೆಫ್ರಾನಿನ ಉದ್ದುದ್ದ ಕೊಳವೆಗಳು ಯಾಕೆಂದು ಬೇರೆ ಕೇಳಬೇಕಿಲ್ಲ. ವಾರ್ಡಿಗೆ ಬೇಕಾದ ಅಂಕಿ ಇನ್ನೊಂದು: ಕಿಲೋ ತೂಕಕ್ಕೆ ಗಂಟೆಗೆ ಕನಿಷ್ಠ ಅರ್ಧ ಮಿ.ಲೀ. ಮೂತ್ರ. 60 ಕಿಲೋ ಇರುವವರ ಯೂರೋಬ್ಯಾಗಿಗೆ ಗಂಟೆಗೆ 30 ಮಿ.ಲೀ. ಇಳಿಯದಿದ್ದರೆ ಮೊದಲು ಕ್ಯಾತೆಟರ್ ನಳಿಕೆ ಮಡಚಿದೆಯೇ ನೋಡಿ, ಆಮೇಲೆ ರೋಗಿಯನ್ನು ನೋಡಿ, ತಡಮಾಡದೆ ತಿಳಿಸಿ.

7. ಸೂಜಿ ಹಿಡಿಯುವ ಮುನ್ನ ಚರ್ಮದಡಿ ಏನಿದೆ ಎಂದು ಹೇಳಿ

ಮೂಳೆ, ಸ್ನಾಯು, ನರ ಮೂರನ್ನೂ ಒಟ್ಟಿಗೆ ಓದಿಸುವುದಕ್ಕೆ ಇಂಜೆಕ್ಷನ್‌ಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಸಯಾಟಿಕ್ ಮೈಯಲ್ಲೇ ಅತಿ ದಪ್ಪ ನರ. ಅದು ಸೊಂಟದಿಂದ ಪಿರಿಫಾರ್ಮಿಸ್ ಸ್ನಾಯುವಿನ ಕೆಳಗೆ ಹೊರಬಂದು ಪೃಷ್ಠದ ಕೆಳಭಾಗದಲ್ಲಿ ಹಾದು ತೊಡೆಯ ಹಿಂಬದಿಗೆ ಇಳಿಯುತ್ತದೆ. ಸೂಜಿ ಅದಕ್ಕೆ ತಗುಲಿದರೆ ಪಾದ ಎತ್ತಲಾಗದೆ ಎಳೆಯುತ್ತ ನಡೆಯುವ ಸ್ಥಿತಿ ಬರಬಹುದು. ಪೃಷ್ಠವನ್ನು ನಾಲ್ಕು ಪಾಲು ಮಾಡಿ ಮೇಲಿನ ಹೊರಪಾಲಿನಲ್ಲೇ ಕೊಡಿ ಎನ್ನುವುದು ಇದಕ್ಕೇ.

ಅದಕ್ಕಿಂತ ಸುರಕ್ಷಿತ ಜಾಗ ವೆಂಟ್ರೊಗ್ಲೂಟಿಯಲ್. ರೋಗಿಯ ಬಲ ಸೊಂಟಕ್ಕಾದರೆ ನಿಮ್ಮ ಎಡ ಅಂಗೈಯನ್ನು ತೊಡೆಮೂಳೆಯ ಗ್ರೇಟರ್ ಟ್ರೊಕ್ಯಾಂಟರ್ ಮೇಲಿಡಿ. ತೋರುಬೆರಳು ಸೊಂಟದ ಮೂಳೆಯ ಮುಂದಿನ ಮೊನೆಯ ಕಡೆಗೆ, ನಡುಬೆರಳನ್ನು ಅಗಲಿಸಿ ಅದರ ಅಂಚಿನುದ್ದಕ್ಕೆ. ಎರಡು ಬೆರಳ ನಡುವಿನ ತ್ರಿಕೋನವೇ ಜಾಗ. ಅಲ್ಲಿ ದೊಡ್ಡ ನರವಾಗಲಿ ರಕ್ತನಾಳವಾಗಲಿ ಇಲ್ಲ. ಇದನ್ನು ಓದಿದರೆ ಅರ್ಥವಾಗುವುದಿಲ್ಲ, ಗೆಳತಿಯ ಸೊಂಟದ ಮೇಲೆ ಕೈಯಿಟ್ಟ ಕೂಡಲೇ ಅರ್ಥವಾಗುತ್ತದೆ.

ಕೂಸುಗಳ ಮಾತು ಬೇರೆ. ನಡೆಯಲು ಕಲಿಯುವವರೆಗೆ ಪೃಷ್ಠದ ಸ್ನಾಯು ಬೆಳೆದಿರುವುದಿಲ್ಲ. ತೊಡೆಯ ಮುಂಭಾಗದ ಹೊರಬದಿಯ ವಾಸ್ಟಸ್ ಲ್ಯಾಟರಾಲಿಸ್ ಹುಟ್ಟಿನಿಂದಲೇ ದಪ್ಪಗಿರುತ್ತದೆ. ಅಂಗನವಾಡಿಯಲ್ಲಿ 6, 10, 14 ವಾರಕ್ಕೆ ಹಾಕುವ ಪೆಂಟಾವಲೆಂಟ್ ಲಸಿಕೆ ಕೂಸಿನ ಎಡತೊಡೆಗೆ ಬೀಳುವುದರ ಹಿಂದೆ ಇರುವುದು ಈ ಅನಾಟಮಿಯೇ. ನಿಮ್ಮ ಊರಿನ ಆಶಾ ಅಕ್ಕನನ್ನು ಕೇಳಿ, ಜಾಗ ಕಣ್ಣುಮುಚ್ಚಿ ತೋರಿಸುತ್ತಾರೆ.

8. ಓ.ಆರ್.ಎಸ್. ಪೊಟ್ಟಣದ ಬೆನ್ನು ಓದಿ

ಕರುಳಿನ ಅಧ್ಯಾಯ ನೀರಸ ಅನಿಸಿದರೆ ಮೆಡಿಕಲ್ ಶಾಪಿನಿಂದ ಒಂದು ಓ.ಆರ್.ಎಸ್. ಪೊಟ್ಟಣ ತನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್. ಲೆಕ್ಕ ಹಾಕಿದರೆ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, 75 ಮಿಲಿಮೋಲ್ ಗ್ಲೂಕೋಸ್. ಎರಡೂ ಸಮ. ಇದು ಆಕಸ್ಮಿಕವಲ್ಲ.

ಸಣ್ಣ ಕರುಳಿನ ಗೋಡೆಯ ಕೋಶಗಳಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆ ಸೇರಿಸುವ ಪ್ರೋಟೀನ್ ಇದೆ. ಅವೆರಡು ಹೋದ ಕಡೆ ನೀರೂ ಹಿಂಬಾಲಿಸುತ್ತದೆ. ಕಾಲರಾದ ವಿಷ ಕರುಳಿನಿಂದ ನೀರನ್ನು ಹೊರಗೆ ಸುರಿಸಿದರೂ ಈ ಬಾಗಿಲನ್ನು ಮುಚ್ಚುವುದಿಲ್ಲ. ಸೋಡಿಯಂ–ಗ್ಲೂಕೋಸ್ ಜೊತೆಯಾಗಿ ಸಾಗುತ್ತವೆಂದು ರಾಬರ್ಟ್ ಕ್ರೇನ್ 1960ರಲ್ಲಿ ಹೇಳಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹರಡಿತು, ಡ್ರಿಪ್ ಬಾಟಲುಗಳು ಮುಗಿಯುತ್ತ ಬಂದವು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು–ಗ್ಲೂಕೋಸ್ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ. 30ರ ಹತ್ತಿರವಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಈಗ ನಿಮ್ಮ ಪ್ರಶ್ನೆ ಕೇಳಿ. ಭೇದಿಯಾದ ಮಗುವಿಗೆ ಬರೀ ಗ್ಲೂಕೋಸ್ ಪುಡಿ ಕದಡಿ ಕೊಟ್ಟರೆ? ಕಳೆದುಹೋದ ಸೋಡಿಯಂ ವಾಪಸು ಬಾರದು. ಸಕ್ಕರೆ ಹೆಚ್ಚಾದರೆ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿಯೂ ಹೆಚ್ಚಬಹುದು. ಪೊಟ್ಟಣವನ್ನು ಅರ್ಧ ಲೋಟ ನೀರಿಗೆ ಹಾಕಿದರೆ? ಉಪ್ಪು ಅತಿಯಾಗುತ್ತದೆ. ಲೀಟರ್ ಎಂದರೆ ಲೀಟರೇ ಎಂದು ತಾಯಿಗೆ ಒತ್ತಿ ಹೇಳಲು ಬೇಕಾದ ಧೈರ್ಯ ಈ ಒಂದು ಪುಟದಿಂದ ಬರುತ್ತದೆ.

9. ಚಾರ್ಟಿನ ಬಣ್ಣ ನಂಬಬೇಡಿ

ಚಾರ್ಟಿನಲ್ಲಿ ಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ಮೆಡಿಕಲ್ ಕಾಲೇಜಿನ ಡಿಸೆಕ್ಷನ್ ಹಾಲಿಗೆ ಕರೆದುಕೊಂಡು ಹೋದ ದಿನ ಫಾರ್ಮಲಿನ್‌ನಲ್ಲಿಟ್ಟ ದೇಹದಲ್ಲಿ ಎಲ್ಲವೂ ಕಂದು–ಬೂದು. ಕಣ್ಣು ಉರಿಯುತ್ತದೆ ಎಂದು ಹಿಂದೆ ನಿಲ್ಲಬೇಡಿ. ಗ್ಲೌಸ್ ಹಾಕಿ ಮುಟ್ಟಿ. ಕತ್ತರಿಸಿದ ಧಮನಿಯ ಬಾಯಿ ಪಪ್ಪಾಯಿ ಎಲೆಯ ದಂಟಿನಂತೆ ತೆರೆದೇ ಇರುತ್ತದೆ. ಅಭಿಧಮನಿಯ ಗೋಡೆ ತೆಳು, ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ನರಕ್ಕೆ ಒಳಗೆ ಪೊಳ್ಳಿಲ್ಲ, ಗಟ್ಟಿ ಎಳೆ. ಮೂರನ್ನೂ ಬೆರಳ ನಡುವೆ ಹೊರಳಿಸಿ ನೋಡಿದವರಿಗೆ ಸ್ಪಾಟರ್ ಪರೀಕ್ಷೆಯಲ್ಲಿ ತಡವರಿಕೆ ಇರುವುದಿಲ್ಲ.

ಆ ದೇಹ ಅಲ್ಲಿಗೆ ಬಂದದ್ದು ಯಾರೋ ಕೊಟ್ಟದ್ದರಿಂದ. ಬೈಲಹೊಂಗಲದ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ಬೆಳಗಾವಿಯಲ್ಲಿ, ದೇಹದಾನ ಮಾಡಿದ್ದ ತಮ್ಮ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಎದುರು ಬಿಡಿಸಿ ಪಾಠ ಮಾಡಿದರು. ಅದನ್ನು ಕೇಳಿದ ಮೇಲೆ ಆ ಟೇಬಲ್ಲಿನ ಸುತ್ತ ಮೊಬೈಲ್ ತೆಗೆಯಲು ಯಾರಿಗೂ ಕೈ ಬರಬಾರದು.

ಡಿಸೆಕ್ಷನ್ ಹಾಲ್ ಸಿಗದವರಿಗೂ ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಸಂಗ್ರಹಾಲಯದಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಮಣಿಪಾಲದಲ್ಲಿ ಅನಾಟಮಿ–ಪೆಥಾಲಜಿ ಮ್ಯೂಸಿಯಂ ಇದೆ. ಅಲ್ಲಿ ಆರೋಗ್ಯವಂತ ಅಂಗದ ಜೊತೆ ರೋಗ ತಗುಲಿದ ಅಂಗವನ್ನೂ ನೋಡಲು ಸಿಗುವುದರಿಂದ 'ಕೆಟ್ಟರೆ ಏನಾಗುತ್ತದೆ' ಎಂಬುದು ಗಾಜಿನ ಜಾಡಿಯಲ್ಲೇ ಕಾಣುತ್ತದೆ.

10. ಕನ್ನಡದಲ್ಲಿ ತಿಳಿಯಿರಿ, ಇಂಗ್ಲಿಷಿನಲ್ಲಿ ಬರೆಯಿರಿ

ಕನ್ನಡ ಮಾಧ್ಯಮದಿಂದ ಬಂದವರು ಮೊದಲ ತಿಂಗಳು ಹಿಂದಿನ ಬೆಂಚಿಗೆ ಸರಿಯುತ್ತಾರೆ. ಹತ್ತನೆಯ ತರಗತಿಯ ಹೊತ್ತಿಗೇ ಹೃತ್ಕರ್ಣ, ಹೃತ್ಕುಕ್ಷಿ, ಮೂತ್ರಜನಕಾಂಗ ಓದಿದವರು ನೀವು. ವಿಷಯ ಹೊಸದಲ್ಲ, ಹೆಸರು ಹೊಸದು. ಪಾಠ ಮೊದಲು ಕನ್ನಡದಲ್ಲಿ ಯಾರಿಗಾದರೂ ವಿವರಿಸಿ, ಆಮೇಲೆ ಇಂಗ್ಲಿಷ್ ಪದಗಳನ್ನು ಸ್ಪೆಲ್ಲಿಂಗ್ ಸಮೇತ ಬರೆದು ರೂಢಿ ಮಾಡಿ. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೂ ರೋಗಿ ಮಾತಾಡುವುದು ನಿಮ್ಮ ಭಾಷೆಯಲ್ಲೇ.

ಧಾರವಾಡದ ಕಡೆಯ ಒಬ್ಬ ಅಜ್ಜಿ ವಾರ್ಡಿನಲ್ಲಿ ಕೇಳಿದ್ದು: "ಎಷ್ಟ್ ನೀರ್ ಕುಡದ್ರೂ ಬಾಯಿ ಒಣಗೂದು ನಿಂದ್ರವಲ್ದು ನೋಡವಾ, ಯಾಕ?" ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಹೇಳಿದಳು: "ಅಜ್ಜಿ, ನಿಮ್ಮ ರಕ್ತದಾಗ ಸಕ್ಕರಿ ಭಾಳ ಆಗೇತ್ರಿ. ಹೆಚ್ಚಾಗಿದ್ದು ಮೂತ್ರದಾಗ ಹೊಂಟೈತಿ, ಹೋಗುಮುಂದ ಮೈಯಾನ ನೀರೂ ಎಳ್ಕೊಂಡು ಹೊಂಟೈತಿ. ಅದಕ್ಕ ಬಾಯಾರಿಕಿ." ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 180 ಮಿ.ಗ್ರಾಂ. ಆಸುಪಾಸು ದಾಟಿದರೆ ಮೂತ್ರಪಿಂಡ ಅದನ್ನು ಪೂರ್ತಿ ಹಿಂಪಡೆಯಲಾರದು, ಉಳಿದ ಸಕ್ಕರೆ ನೀರನ್ನು ಜೊತೆಗೆಳೆಯುತ್ತದೆ ಎಂಬ ಆಸ್ಮಾಟಿಕ್ ಡಯೂರೆಸಿಸ್ ಪಾಠ ಪೂರ್ತಿ ಆ ಮೂರು ವಾಕ್ಯದಲ್ಲಿದೆ. ಅಜ್ಜಿ ತಲೆಯಾಡಿಸಿದರು. ಆ ಹುಡುಗಿಗೆ ವೈವಾದಲ್ಲಿ ಅದೇ ಪ್ರಶ್ನೆ ಬಂದಿದ್ದರೆ ಪದಗಳಷ್ಟೇ ಬದಲಾಗುತ್ತಿದ್ದವು.

11. ನೆನಪಿನ ಸೂತ್ರ ಕ್ರಮಕ್ಕೆ ಮಾತ್ರ

ಹನ್ನೆರಡು ಕಪಾಲ ನರಗಳಿಗೆ ಸೀನಿಯರುಗಳು ಹೇಳಿಕೊಡುವ ತಮಾಷೆಯ ವಾಕ್ಯಗಳಿವೆ. ಕ್ರಮ ತಪ್ಪದಿರಲು ಅವು ಸಾಕು, ಅರ್ಥಕ್ಕೆ ಸಾಲವು. ಕನ್ನಡಿ ಮುಂದೆ ನಿಂತು ನರಗಳನ್ನು ಮಾಡಿ ತೋರಿಸಿ: ಕಣ್ಣು ಹೊರಳಿಸಿ, ಹಲ್ಲು ಕಚ್ಚಿ, ಹುಬ್ಬೇರಿಸಿ, ನಗಿ, ನುಂಗಿ, ಭುಜ ಕುಣಿಸಿ, ನಾಲಿಗೆ ಚಾಚಿ. ಪ್ರತಿಯೊಂದಕ್ಕೂ ಯಾವ ನರ ಎಂದು ಬಾಯಿಬಿಟ್ಟು ಹೇಳಿ.

ಆಮೇಲೆ ಏಳನೆಯ ನರಕ್ಕೆ ವಾಪಸು ಬನ್ನಿ. ಬಾಯಿ ಒಂದು ಕಡೆ ಸೊಟ್ಟಗಾಗಿ ಬಂದವರಿಗೆ 'ಹುಬ್ಬೇರಿಸಿ' ಎನ್ನಿ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಬದಿಯಿಂದ ಆದೇಶ ಬರುತ್ತದೆ. ಪಾರ್ಶ್ವವಾಯುವಿನಲ್ಲಿ ಮೆದುಳಿನ ಒಂದು ಬದಿ ಕೆಟ್ಟರೂ ಇನ್ನೊಂದು ಬದಿ ಹಣೆಯನ್ನು ನಡೆಸುತ್ತದೆ, ನೆರಿಗೆ ಮೂಡುತ್ತದೆ. ನರವೇ ಕೆಟ್ಟ ಬೆಲ್ಸ್ ಪಾಲ್ಸಿಯಲ್ಲಿ ಆ ಬದಿಯ ಹಣೆಯೂ ನುಣ್ಣಗೆ ಉಳಿಯುತ್ತದೆ, ಕಣ್ಣು ಪೂರ್ತಿ ಮುಚ್ಚುವುದಿಲ್ಲ. ರೋಗ ಯಾವುದೆಂದು ನಿರ್ಧರಿಸುವುದು ಡಾಕ್ಟರ ಕೆಲಸ. ಆದರೆ ಹಣೆಯ ನೆರಿಗೆ ಕಂಡಿತೇ ಎಂದು ಗಮನಿಸಿ ಬೇಗ ಹೇಳುವುದು ನಿಮ್ಮ ಕೆಲಸ. ಪಾರ್ಶ್ವವಾಯುವಿನಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

12. ಉತ್ತರ ಬರೆಯುವಾಗ ಕೊನೆಯ ಸಾಲು ಮರೆಯಬೇಡಿ

ದೀರ್ಘ ಉತ್ತರಕ್ಕೆ ಎಲ್ಲರೂ ಒಂದೇ ಕ್ರಮ ಹಿಡಿಯುತ್ತಾರೆ: ಎಲ್ಲಿದೆ, ಹೇಗಿದೆ, ರಕ್ತ ಎಲ್ಲಿಂದ, ನರ ಎಲ್ಲಿಂದ, ಕೆಲಸವೇನು. ಸಮಯ ಸಾಲದೆ ಬಿಟ್ಟುಬರುವುದು ಅಪ್ಲೈಡ್ ಭಾಗ. ಅದನ್ನು ಕೊನೆಗಿಡಬೇಡಿ, ಉತ್ತರ ಯೋಚಿಸಲು ಕೂತಾಗ ಮಾರ್ಜಿನ್‌ನಲ್ಲಿ ಮೊದಲೇ ಎರಡು ಪದ ಗುರುತು ಹಾಕಿಕೊಳ್ಳಿ. ಅದರಿಂದ ಹಿಂದಕ್ಕೆ ಹೋದರೆ ರಚನೆ, ಕೆಲಸ ಎರಡೂ ನೆನಪಿಗೆ ಬರುತ್ತವೆ.

ಸೆಮಿಸ್ಟರ್ ಮುಗಿದ ಮೇಲೆ ಈ ಪುಸ್ತಕವನ್ನು ಜೂನಿಯರಿಗೆ ಮಾರಬೇಡಿ. ಅಡಲ್ಟ್ ಹೆಲ್ತ್ ನರ್ಸಿಂಗ್, ಮಕ್ಕಳ ವಿಭಾಗ, ಹೆರಿಗೆ ವಾರ್ಡು, ಎಲ್ಲೇ ಪೋಸ್ಟಿಂಗ್ ಬಿದ್ದರೂ ಆ ದಿನ ನೋಡಿದ ರೋಗಿಯ ಕೆಟ್ಟ ಅಂಗದ ಅಧ್ಯಾಯವನ್ನು ರಾತ್ರಿ ಮತ್ತೆ ತೆಗೆಯಿರಿ. ಮೊದಲ ಸಲ ಓದಿದಾಗ ದಾಟಿಸಿಕೊಂಡು ಹೋಗಿದ್ದ ಸಾಲು ಆಗ ಯಾಕೆ ಅಲ್ಲಿದೆ ಎಂದು ತಿಳಿಯುತ್ತದೆ. ಪರೀಕ್ಷೆಗೆ ಓದಿದ್ದು ಪರೀಕ್ಷೆಯವರೆಗೆ ಇರುತ್ತದೆ. ಹೆಸರು, ವಯಸ್ಸು, ಮಂಚದ ನಂಬರ್ ಇರುವ ಒಬ್ಬರಿಗಾಗಿ ಓದಿದ್ದು ಸರ್ವಿಸ್ ಪೂರ್ತಿ ಜೊತೆಗಿರುತ್ತದೆ.